ಅಧಿಕೃತ ನೆರಳು ಸಂಖ್ಯೆ ಒಂದು

ಲೋಲಾಕ್ಷಿಯಿಂದ ಹೋಟೆಲು ನಡೆಸಲು ಸಾಧ್ಯವಿಲ್ಲ ಎಂಬುದನ್ನು ಮೊಟ್ಟಮೊದಲು ಕಂಡುಹಿಡಿದವರು ದೆಹಲಿಯ ಕರೋಲ್ ಬಾಗಿನ ಹೋಟೆಲ್ ಮಾಲೀಕರಾದ ಕರುಣಾಕರ. ಅವರ ಅಡುಗೆಮನೆಯಲ್ಲಿ ಅವಳು ಒಂಬತ್ತು ವರ್ಷ ಇಡ್ಲಿಗೂ ದೋಸೆಗೂ ಅಕ್ಕಿ ರುಬ್ಬಿದ್ದಳು. ಹತ್ತನೆಯ ವರ್ಷ ಶುರುವಾದ ದಿನ ಕೈ ತೊಳೆದುಕೊಂಡು ಬಂದು, ಜಮುನೆಯ ಆಚೆ ಲಕ್ಷ್ಮೀ ನಗರದಲ್ಲಿ ಒಂದು ತಗಡಿನ ಶೆಡ್ಡು ಬಾಡಿಗೆಗೆ ಹಿಡಿದಿದ್ದೇನೆ, ನಾಳೆಯಿಂದ ಬರುವುದಿಲ್ಲ ಎಂದಳು. ಕರುಣಾಕರ ಗಲ್ಲಾಪೆಟ್ಟಿಗೆಯಿಂದ ತಲೆಯೆತ್ತದೆ ತಮ್ಮ ಸಂಶೋಧನೆಯನ್ನು ಪ್ರಕಟಿಸಿದರು.

"ರುಬ್ಬುವವಳು ರುಬ್ಬಬೇಕು, ಲೋಲಾಕ್ಷಿ. ಮೇ ತಿಂಗಳು ಬರಲಿ. ಆ ತಗಡಿನ ಕೆಳಗೆ ನೀನೇ ಇಡ್ಲಿಯ ಹಾಗೆ ಬೇಯುತ್ತೀಯ. ಕಲ್ಲು ಖಾಲಿ ಇಟ್ಟಿರುತ್ತೇನೆ, ವಾಪಸ್ ಬಾ."

ಶೆಡ್ಡಿನ ಯಜಮಾನನೂ ಹಾಲು ತರುವ ಭಯ್ಯಾನೂ ಆಮೇಲೆ ತಮ್ಮ ತಮ್ಮ ಸ್ವಂತ ಬುದ್ಧಿಯಿಂದಲೇ ಇದೇ ತೀರ್ಮಾನಕ್ಕೆ ಬಂದರು. ಲೋಲಾಕ್ಷಿ ಎಲ್ಲರ ಹೆಸರುಗಳನ್ನೂ ನೆನಪಿಟ್ಟುಕೊಂಡಳು.

ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಬೆಲ್ಲ, ಮೆಣಸು ಕಟ್ಟಿ ಬರುತ್ತಿದ್ದ ಕಾಗದದ ಪೊಟ್ಟಣಗಳನ್ನು ಬಿಡಿಸಿ ಬಿಡಿಸಿ ಕನ್ನಡ ಓದಲು ಕಲಿತಳು. ದೆಹಲಿಗೆ ಬಂದ ಮೇಲೆ ಬಸ್ಸಿನ ಬೋರ್ಡು, ಗೋಡೆಬರಹ, ಕರೆಂಟು ಕಡಿತದ ಪ್ರಕಟಣೆ ನೋಡಿ ಹಿಂದಿ ಕಲಿತಳು. ಪೊಟ್ಟಣದ ಓದಿಗೆ ಒಂದು ದೋಷವಿದೆ. ಅದು ಕಥೆಯ ನಡುವೆ ಶುರುವಾಗಿ ನಡುವೆಯೇ ಹರಿದುಹೋಗುತ್ತದೆ. ಹಾಗಾಗಿ ಮೊದಲೂ ಕೊನೆಯೂ ಇರುವ ಪುಸ್ತಕ ಅಪರೂಪಕ್ಕೆ ಕೈಗೆ ಸಿಕ್ಕಿದರೆ ಅವಳು ಅದನ್ನು ಅಚ್ಚು ಹಾಕಿದವರ ವಿಳಾಸದವರೆಗೂ ಓದದೆ ಕೆಳಗಿಡುತ್ತಿರಲಿಲ್ಲ. ಈ ಅಭ್ಯಾಸದಿಂದ ಒಂದು ಸರ್ಕಾರಿ ಕಚೇರಿಗೆ ಏನಾಯಿತು ಎಂಬುದು ಮುಂದೆ ಬರುತ್ತದೆ.

ಎಪ್ಪತ್ತಮೂರರ ಮೇ ತಿಂಗಳು ಕರುಣಾಕರರ ಪಕ್ಷ ವಹಿಸಿತು. ಹಿಟ್ಟು ಹುಳಿ ಬರಲು ಇರುಳಿಡೀ ಕಾಯುವ ಪದ್ಧತಿ ನಿಂತುಹೋಯಿತು. ಬೆಳಗಿನ ಕಾಫಿ ಕುಡಿದು ಲೋಟ ತೊಳೆಯುವಷ್ಟರಲ್ಲಿ ಅದು ಪಾತ್ರೆಯಿಂದ ಎದ್ದು ಬಾಗಿಲಿನವರೆಗೆ ಬಂದಿರುತ್ತಿತ್ತು. ಸ್ಟೀಲಿನ ಚಮಚ ಹಿಡಿಯಲು ಗಿರಾಕಿಗಳು ಕರ್ಚೀಫು ತರುತ್ತಿದ್ದರು. ಉಂಡವರ ಬೆವರು ಎಲೆಗೆ ಬಿದ್ದು ಸಾಂಬಾರಿಗೆ ಉಪ್ಪು ಹೆಚ್ಚಾಯಿತೆಂದು ದೂರು ಬಂತು. ಜೂನ್ ಮೊದಲ ವಾರದ ಹೊತ್ತಿಗೆ ಉಳಿದದ್ದು ಒಬ್ಬನೇ ಗಿರಾಕಿ, ಅನಂತರಾಮ.

ಅನಂತರಾಮ ಮೈಸೂರಿನವನು. ವಿಶ್ವವಿದ್ಯಾಲಯದಲ್ಲಿ ಭೂಗೋಳದ ಸಂಶೋಧನೆ ಮಾಡುತ್ತಿದ್ದ. ಅವನು ಬರುತ್ತಿದ್ದದ್ದು ಊಟಕ್ಕಲ್ಲ, ಅಳತೆಗೆ. ಚೀಲದಿಂದ ಥರ್ಮಾಮೀಟರು ತೆಗೆದು ಅವಳ ಮೇಜಿನ ಮೇಲಿಟ್ಟು, ಅದು ಏರುವುದನ್ನು ಮಗನ ಪರೀಕ್ಷೆಯ ಫಲಿತಾಂಶ ನೋಡುವ ತಂದೆಯಂತೆ ನೋಡುತ್ತಿದ್ದ.

"ಇಡೀ ದೆಹಲಿಯಲ್ಲಿ ನಿಮ್ಮದೇ ಮೊದಲ ಸ್ಥಾನ, ಲೋಲಾಕ್ಷಕ್ಕ," ಎಂದ ಒಂದು ದಿನ, ನಿಜವಾದ ಸಂತೋಷದಿಂದ.

ಊರು ಎಂದರೆ ಒಲೆಯ ಮೇಲಿಟ್ಟು ಮರೆತ ಕಾವಲಿ ಎಂದು ಅವನು ವಿವರಿಸಿದ. ತಗಡು, ಇಟ್ಟಿಗೆ, ಟಾರು ಹಗಲೆಲ್ಲ ಬಿಸಿಲು ಕುಡಿಯುತ್ತವೆ, ಸಂಜೆಯಾದ ಮೇಲೂ ಕಾರುತ್ತಲೇ ಇರುತ್ತವೆ. ನದಿಯ ದಡದ ಕಲ್ಲಂಗಡಿ ಹೊಲದಲ್ಲಿ ಗಾಳಿ ತಣ್ಣಗಾದರೂ ಲಕ್ಷ್ಮೀ ನಗರ ಮಾತ್ರ ಸಮುದ್ರದ ನಡುವಿನ ದ್ವೀಪದಂತೆ ಒಂಟಿಯಾಗಿ ಬೇಯುತ್ತಿರುತ್ತದೆ. ಅದಕ್ಕೆ ಎಂತ ಮಾಡಬೇಕು ಎಂದು ಅವಳು ಕೇಳಿದಳು. ಅದು ಮೂರನೆಯ ಅಧ್ಯಾಯ, ಇನ್ನೂ ಬರೆದಿಲ್ಲ ಎಂದು ಅವನು ಸ್ವಲ್ಪ ಹೊತ್ತು ತಪ್ಪಿಸಿಕೊಂಡ. ಎರಡನೆಯ ಸಲ ಅನ್ನ ಬಡಿಸುವುದನ್ನು ಅವಳು ತಡೆಹಿಡಿದಾಗ ಹೇಳಿದ: ಛಾವಣಿ, ಅಂದರೆ ಮಾಡು, ಬೆಳ್ಳಗಿರಬೇಕು, ಅದರ ಮೇಲೆ ಹಸಿರು ಇರಬೇಕು, ಹಸಿರಿಗೆ ನೀರಿರಬೇಕು; ಹೊರದೇಶದ ಪ್ರೊಫೆಸರುಗಳು ಹಾಗೆ ಬರೆದಿದ್ದಾರೆ.

"ಸುಣ್ಣ, ಬಳ್ಳಿ, ಅಕ್ಕಿ ತೊಳೆದ ನೀರು," ಎಂದಳು ಲೋಲಾಕ್ಷಿ. "ಇದಕ್ಕೆ ಹೊರದೇಶ ಬೇಕಾ?"

ಮರುವರ್ಷ ಫೆಬ್ರವರಿಯಲ್ಲಿ ಅವಳ ಕರಾವಳಿಯ ಊರಿನಿಂದ ಬಂದವರೊಬ್ಬರ ಕೈಯಲ್ಲಿ, ಒದ್ದೆ ಗೋಣಿಯಲ್ಲಿ ಸುತ್ತಿದ ಬಸಳೆಯ ನಾಲ್ಕು ದಂಟು ಬಂತು. ರೈಲಿನಲ್ಲಿ ಮೂರು ದಿನ ಪ್ರತಿ ಸ್ಟೇಷನ್ನಿನಲ್ಲಿ ಅದಕ್ಕೆ ನೀರು ಚಿಮುಕಿಸಲಾಗಿತ್ತಂತೆ. ತಂದವರು ತಾವು ಕುಡಿಯಲು ಮರೆತಿದ್ದರು. ಅವಳು ತಗಡಿಗೆ ಎರಡು ಬಾರಿ ಸುಣ್ಣ ಬಳಿಸಿದಳು. ತಗಡಿನಿಂದ ಒಂದು ಮೊಳ ಮೇಲಕ್ಕೆ ಬಿದಿರಿನ ಚಪ್ಪರ ಕಟ್ಟಿಸಿ, ಅದನ್ನೇ ಮುಂದಿನ ಅಂಗಳದ ಮೇಲೂ ಚಾಚಿಸಿದಳು. ಬಸಳೆಯನ್ನು ಡಾಲ್ಡಾ ಡಬ್ಬಗಳಲ್ಲಿ ನೆಟ್ಟಳು. ಬಿಸಿಲಿಗೆ ಎಲ್ಲ ಗಿಡ ಬಾಡುವ ಹೊತ್ತಿನಲ್ಲಿ ಬಸಳೆ ತನ್ನ ಹಠ ತೋರಿಸಿತು. ಏಪ್ರಿಲ್ ಕೊನೆಗೆ ಕೈಯಗಲದ ಎಲೆಗಳು ತಗಡನ್ನು ಮುಚ್ಚಿ, ಅಂಗಳಕ್ಕೆ ಇಳಿದು, ಬೆಂಚುಗಳ ಮೇಲೆ ದಟ್ಟ ನೆರಳು ಹಾಸಿದ್ದವು. ಹೋಟೆಲು ಮತ್ತೆ ತುಂಬಿತು. ಭಾನುವಾರ ಗಿರಾಕಿಗಳೆಲ್ಲ ಹೋದ ಮೇಲೆ ಅವಳು ತನಗಾಗಿ ಒಂದು ಬುಟ್ಟಿ ಎಲೆ ದಂಟು ಕೊಯ್ದು, ಹಲಸಿನ ಬೀಜ ಹಾಕಿ, ತೆಂಗಿನಕಾಯಿ ರುಬ್ಬಿ ಗಸಿ ಮಾಡಿ, ಕುಚ್ಚಲಕ್ಕಿ ಅನ್ನದೊಂದಿಗೆ ಉಣ್ಣುತ್ತಿದ್ದಳು. ದೆಹಲಿಯಲ್ಲಿ ಹತ್ತು ವರ್ಷ ಇಲ್ಲದಿದ್ದ ಊಟ ಅದು. ಆ ಹೊತ್ತಿನಲ್ಲಿ ಯಾರು ಬಾಗಿಲು ತಟ್ಟಿದರೂ ತೆರೆಯುತ್ತಿರಲಿಲ್ಲ.

ಅವಳ ಊರಿನ ಕಡೆ ಬಸಳೆಯ ದಂಟನ್ನು ಮಾರುವುದಿಲ್ಲ. ಕೇಳಿದವರಿಗೆ ಇಲ್ಲ ಎನ್ನುವುದೂ ಇಲ್ಲ; ಇಲ್ಲ ಎಂದರೆ ಮನೆಯ ಬಳ್ಳಿ ಮುನಿಸಿಕೊಂಡು ಒಣಗುತ್ತದೆ. ಮೊದಲು ಕೇಳಿದವಳು ಎದುರು ಮನೆಯ ಸುಮಿತ್ರಾ, ಇಸ್ತ್ರಿ ಹಾಕುವವಳು. ಬೇಸಿಗೆಯಲ್ಲೂ ಕೆಂಡದ ಪಕ್ಕದಲ್ಲೇ ಅವಳ ಬದುಕು. "ದೀದಿ, ನಿಮ್ಮ ಮದ್ರಾಸಿ ಪಾಲಕ್ ಒಂದು ಕಡ್ಡಿ ಕೊಡಿ," ಎಂದಳು. ಲೋಲಾಕ್ಷಿ ಮದ್ರಾಸನ್ನು ಕ್ಷಮಿಸಿ ಒಂದು ಮೊಳ ಮುರಿದು ಕೊಟ್ಟಳು. ಮೇ ತಿಂಗಳೊಳಗೆ ಗಲ್ಲಿಯ ಹನ್ನೊಂದು ಮನೆಗಳ ಮಾಡಿನ ಮೇಲೆ ಸುಣ್ಣವೂ ಬಸಳೆಯೂ ಏರಿದವು. ಅವಳು ಇಡ್ಲಿಯಂತೆ ಬೆಂದಿದ್ದಾಳೆಯೇ ಎಂದು ನೋಡಲು ಬಂದ ಕರುಣಾಕರ ಕೂಡ, ಅಂಗಳದಲ್ಲಿ ಅರ್ಧ ಗಂಟೆ ತಣ್ಣಗೆ ಕೂತು, ಎದ್ದು ಹೋಗುವಾಗ ತಮಗೂ ಒಂದು ದಂಟು ಬೇಕೆಂದರು. ಅವಳು ಚಪ್ಪರವನ್ನೆಲ್ಲ ಹುಡುಕಿ ಕಿರುಬೆರಳಿಗಿಂತ ತೆಳ್ಳಗಿನದೊಂದನ್ನು ಆರಿಸಿ ಕೊಟ್ಟಳು. ಪದ್ಧತಿಯಲ್ಲಿ ಕೊಡಬೇಕೆಂದಿದೆ, ದಪ್ಪ ಎಷ್ಟೆಂದು ಹೇಳಿಲ್ಲ.

ಈ ನಡುವೆ ಅನಂತರಾಮನ ಎರಡು ಅಧ್ಯಾಯಗಳನ್ನು ಯಾರೋ ದೊಡ್ಡವರು ಓದಿದ ಕಾರಣ ಪೂರ್ವ ದೆಹಲಿ ನಗರತಾಪ ನಿವಾರಣಾ ಮಂಡಳಿ ಸ್ಥಾಪನೆಯಾಯಿತು. ಮೂರನೆಯ ಅಧ್ಯಾಯಕ್ಕೆ ಯಾರೂ ಕಾಯಲಿಲ್ಲ. ಮಂಡಳಿಗೆ ಒಬ್ಬ ನಿರ್ದೇಶಕರು, ಒಂದು ಕೂಲರು ಮತ್ತು ಒಂದು ಥರ್ಮಾಮೀಟರು ಮಂಜೂರಾದವು. ಕಚೇರಿ ಲಕ್ಷ್ಮೀ ನಗರದ ಒಂದು ಕಟ್ಟಡದ ಮೇಲಂತಸ್ತಿನಲ್ಲಿ ತೆರೆಯಿತು. ಮೊದಲ ಪ್ರಕಟಣೆಯನ್ನು ಗಲ್ಲಿ ಗಲ್ಲಿಯಲ್ಲಿ ಅಂಟಿಸಲಾಯಿತು:

"ಲಕ್ಷ್ಮೀ ನಗರ ವಾರ್ಡಿನ ತಾಪಮಾನವನ್ನು ಬರುವ ಜೂನ್ ಮೂವತ್ತರೊಳಗೆ ಎರಡು ಡಿಗ್ರಿ ಇಳಿಸಲಾಗುವುದು. ಅಲ್ಲಿಯವರೆಗೆ ಸಾರ್ವಜನಿಕರು ಈಗಿರುವ ತಾಪಮಾನವನ್ನು ಯಾವುದೇ ಮಾರ್ಪಾಡಿಲ್ಲದೆ ಕಾಪಾಡಿಕೊಂಡು ಬರತಕ್ಕದ್ದು. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಅನಗತ್ಯವಾಗಿ ನಿಟ್ಟುಸಿರು ಬಿಡಕೂಡದು."

ಮಂಡಳಿ ಸುಮ್ಮನೆ ಕೂರಲಿಲ್ಲ. ರಸ್ತೆಯಲ್ಲಿ ಬೇವಿನ ಮರ ಬೆಳೆಸಲು ಗುಂಡಿ ವಿಭಾಗ, ಸಸಿ ವಿಭಾಗ, ನೀರು ವಿಭಾಗ ಎಂದು ಮೂರು ವಿಭಾಗಗಳಾದವು. ಗುಂಡಿ ವಿಭಾಗ ಹೇಳಿದ ದಿನಕ್ಕೆ ಗುಂಡಿ ತೋಡಿತು. ಸಸಿಗಳು ಮುಂದಿನ ಯೋಜನೆಯಲ್ಲಿ ಬರಬೇಕಾಗಿತ್ತು. ನೀರು ವಿಭಾಗದವರು ಬಹಳ ಶಿಸ್ತಿನವರಾದ್ದರಿಂದ ಪ್ರತಿದಿನ ಬೆಳಿಗ್ಗೆ ಏಳಕ್ಕೆ ಟ್ಯಾಂಕರು ತಂದು ಖಾಲಿ ಗುಂಡಿಗಳಿಗೆ ನೀರು ಹಾಕಿದರು. ಎಂಟಕ್ಕೆ ಎಮ್ಮೆಗಳು ಬಂದು ಅವುಗಳಲ್ಲಿ ಮಲಗಿದವು. ವಾರ್ಡಿನ ಹದಿನಾಲ್ಕು ಎಮ್ಮೆಗಳ ಮೈ ತಣ್ಣಗಾದದ್ದನ್ನು ಮೊದಲ ವರದಿಯಲ್ಲಿ ಸಾಧನೆಯೆಂದು ನಮೂದಿಸಲಾಯಿತು.

ಹೀಗಿರುವಾಗ ಮಂಡಳಿಯ ಇನ್ಸ್‌ಪೆಕ್ಟರ್ ತಿಪ್ಪೇಸ್ವಾಮಿ ಲೋಲಾಕ್ಷಿಯ ಹೋಟೆಲಿಗೆ ಬಂದರು. ಚಿತ್ರದುರ್ಗದವರು, ಸರ್ಕಾರಿ ಕೆಲಸದ ಮೇಲೆ ದೆಹಲಿಗೆ ಬಂದು ಆರು ವರ್ಷವಾಗಿತ್ತು. ಅಂಗಳದ ಬೆಂಚಿನಲ್ಲಿ ಕೂತು ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಕಣ್ಣು ಮುಚ್ಚಿ, ಹತ್ತು ನಿಮಿಷ ನೆರಳು ಸವಿದರು. ಆಮೇಲೆ ಎರಡು ಊಟ ಮಾಡಿದರು. ಕೈ ತೊಳೆದು ಒರೆಸಿಕೊಂಡು ಜೇಬಿನಿಂದ ನೋಟೀಸು ತೆಗೆದರು. ಊಟಕ್ಕೆ ಮೊದಲೇ ಕೊಟ್ಟರೆ ಇಬ್ಬರಿಗೂ ಬೇಸರವಾಗುತ್ತದೆ ಎಂಬುದು ಅವರ ಅನುಭವ.

"ಲೋಲಾಕ್ಷಮ್ಮನವರೇ, ನಿಮ್ಮ ಹೋಟ್ಲು ವಾರ್ಡಿಗಿಂತ ಏಳು ಡಿಗ್ರಿ ತಣ್ಣಗಿದೆ."

"ಸಂತೋಷ ಅಲ್ಲವಾ?"

"ಅಪರಾಧ."

ಅವರು ಕರುಣೆಯಿಂದಲೇ ವಿವರಿಸಿದರು. ತಾಪ ಇಳಿಸುವ ಅಧಿಕಾರ ಮಂಡಳಿಗೆ ಮಾತ್ರ ಇದೆ. ಸಾರ್ವಜನಿಕರು ಮನಸ್ಸಿಗೆ ಬಂದಂತೆ ಮೊದಲೇ ಇಳಿಸಿಬಿಟ್ಟರೆ ಮಂಡಳಿ ಇಳಿಸುವುದು ಏನನ್ನು? ಎರಡು ಡಿಗ್ರಿ ಎಲ್ಲಿಂದ ತರುವುದು? ನೋಟೀಸಿನ ಒಕ್ಕಣೆ ಸ್ಪಷ್ಟವಾಗಿತ್ತು: ಅನಧಿಕೃತ ತಂಪನ್ನು ಏಳು ದಿನಗಳೊಳಗೆ ತೆರವುಗೊಳಿಸಿ ಮೂಲ ಉಷ್ಣತೆಯನ್ನು ಪುನಃ ಸ್ಥಾಪಿಸತಕ್ಕದ್ದು, ತಪ್ಪಿದಲ್ಲಿ ಹೋಟೆಲಿಗೆ ಬೀಗ ಹಾಕಲಾಗುವುದು.

"ಅಂದರೆ ನಾನು ಪುನಃ ಬೇಯಬೇಕು."

"ಏಳು ದಿನ ಟೈಮಿದೆ, ಅಮ್ಮ. ಅವಸರ ಇಲ್ಲ."

ಸುದ್ದಿ ಹಾಲಿನ ಭಯ್ಯಾನ ಸೈಕಲ್ಲಿನಲ್ಲಿ ಸೇತುವೆ ದಾಟಿ ಕರೋಲ್ ಬಾಗು ಮುಟ್ಟಿತು. ಮರುದಿನ ಅದೇ ಸೈಕಲ್ಲಿನಲ್ಲಿ ಕರುಣಾಕರರ ಉತ್ತರ ಬಂತು: ರುಬ್ಬುವ ಕಲ್ಲು ತೊಳೆಸಿಟ್ಟಿದ್ದೇನೆ. ತಗಡು ಬಿಸಿಯಾದರೆ ಗಿರಾಕಿಗಳಿಲ್ಲ, ಗಿರಾಕಿಗಳಿಲ್ಲದಿದ್ದರೆ ಆ ಕಲ್ಲೇ ಗತಿ ಎಂಬುದು ಲೋಲಾಕ್ಷಿಗೆ ಯಾವ ಸಂಶೋಧನೆಯೂ ಇಲ್ಲದೆ ಗೊತ್ತಿತ್ತು. ಸಂಜೆ ಸೀರೆ ಬದಲಿಸಿ ಮಂಡಳಿಯ ಕಚೇರಿಗೆ ಹೋದಳು.

ನಿರ್ದೇಶಕರು ಸಭ್ಯರು. ಏನು ಬೇಕೆಂದು ಕೇಳಿದರು.

"ನಿಯಮದ ಪುಸ್ತಕ ಬೇಕು."

ಈ ಬೇಡಿಕೆ ಹಿಂದೆ ಬಂದಿರಲಿಲ್ಲ. ಪುಸ್ತಕ ಇದೆಯೇ ಎಂಬ ಬಗ್ಗೆ ಮೂವರು ಗುಮಾಸ್ತರಲ್ಲಿ ಭಿನ್ನಾಭಿಪ್ರಾಯವಿತ್ತು. ಕೊನೆಗೆ ಅದು ಕೂಲರಿನ ಗಿಡ್ಡ ಕಾಲಿನ ಕೆಳಗೆ ಸಿಕ್ಕಿತು. ಪುಸ್ತಕ ತೆಗೆದರೆ ಕೂಲರು ವಾಲುತ್ತದೆ, ವಾಲಿದರೆ ಕಚೇರಿ ಬಿಸಿಯಾಗುತ್ತದೆ, ಬಿಸಿಯಾದ ಕಚೇರಿಯಲ್ಲಿ ತಾಪ ನಿವಾರಣೆಯ ಕೆಲಸ ಸಾಗುವುದಿಲ್ಲ ಎಂದು ನಿರ್ದೇಶಕರು ಆಕ್ಷೇಪಿಸಿದರು. ಲೋಲಾಕ್ಷಿ ಕೆಳಗಿಳಿದು ಹೋಗಿ ಒಂದು ಇಟ್ಟಿಗೆ ತಂದು ಕಾಲಿನ ಕೆಳಗಿಟ್ಟಳು. ಅದನ್ನು ಸಾರ್ವಜನಿಕರ ಕೊಡುಗೆ ಎಂದು ರಿಜಿಸ್ಟರಿನಲ್ಲಿ ಬರೆದುಕೊಳ್ಳಲಾಯಿತು.

ಪುಸ್ತಕವನ್ನು ಹೊರಗೆ ಒಯ್ಯುವಂತಿರಲಿಲ್ಲ. ನಾಲ್ಕು ದಿನ ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಬಂದು, ಕಚೇರಿಯ ಮೂಲೆಯ ಸ್ಟೂಲಿನಲ್ಲಿ ಕೂತು, ಬೆರಳಿಟ್ಟು ಇನ್ನೂರಹನ್ನೆರಡು ಪುಟ ಓದಿದಳು. ಐದನೆಯ ದಿನ ನಿರ್ದೇಶಕರ ಮೇಜಿನ ಮುಂದೆ ನಿಂತಳು.

"ಸಾಹೇಬರೇ, ನೀವು ಇಲ್ಲಿಯವರೆಗೆ ಅಳೆದ ಶಾಖ ಅಸಿಂಧು."

ನಿರ್ದೇಶಕರು ಕನ್ನಡಕ ತೆಗೆದರು. "ಎಲ್ಲವೂ?"

"ಎಲ್ಲವೂ. ಮೂವತ್ತೊಂದನೆಯ ನಿಯಮ."

ಮೂವತ್ತೊಂದನೆಯ ನಿಯಮದ ಪ್ರಕಾರ ವಾರ್ಡಿನ ಥರ್ಮಾಮೀಟರನ್ನು ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ, ಗಾಳಿಯಾಡುವ ಕಡೆ, ಎಲೆಯ ನೆರಳಿನಲ್ಲಿ ತೂಗುಹಾಕತಕ್ಕದ್ದು. ಬೇರೆ ರೀತಿಯಲ್ಲಿ ಅಳೆದ ಶಾಖವನ್ನು ಶಾಖವೆಂದು ಪರಿಗಣಿಸತಕ್ಕದ್ದಲ್ಲ. ಮಂಡಳಿಯ ಥರ್ಮಾಮೀಟರು ಕಚೇರಿಯ ಪಶ್ಚಿಮದ ಗೋಡೆಯಲ್ಲಿ, ಚಹಾದ ಸ್ಟವ್ವಿನ ಕಿಟಕಿಯ ಪಕ್ಕ ತೂಗುತ್ತಿತ್ತು. ಹಳೆಯ ಕ್ಯಾಲೆಂಡರಿನ ಮೊಳೆ ಅಲ್ಲಿತ್ತು, ಅದಕ್ಕೆ.

ಕೂಡಲೇ ವಾರ್ಡಿನಲ್ಲಿ ಎಲೆಯ ನೆರಳು ಹುಡುಕಲು ತಿಪ್ಪೇಸ್ವಾಮಿಯವರನ್ನು ಕಳಿಸಲಾಯಿತು. ಬೇವಿನ ಸಸಿಗಳು ಮುಂದಿನ ಯೋಜನೆಯಲ್ಲಿದ್ದವು. ಗಲ್ಲಿಯ ಹನ್ನೊಂದು ಚಪ್ಪರಗಳು ಮಾಡಿನ ಮೇಲಿದ್ದು ನಾಲ್ಕೂವರೆ ಅಡಿಯ ಅಳತೆಗೆ ಸಿಗುತ್ತಿರಲಿಲ್ಲ. ನಿಯಮಕ್ಕೆ ಸರಿಹೊಂದುವ ನೆರಳು ಇಡೀ ವಾರ್ಡಿನಲ್ಲಿ ಒಂದೇ ಇತ್ತು. ಮರುದಿನದೊಳಗೆ ಅದನ್ನು ಕೀಳಬೇಕೆಂದು ಮಂಡಳಿಯೇ ಆಜ್ಞೆ ಮಾಡಿತ್ತು.

ಆಜ್ಞೆಯನ್ನು ಹಿಂದಕ್ಕೆ ಪಡೆಯಲಾಯಿತು. ಲೋಲಾಕ್ಷಿಯ ಅಂಗಳಕ್ಕೆ "ಅಧಿಕೃತ ನೆರಳು ಸಂಖ್ಯೆ ಒಂದು" ಎಂಬ ಬೋರ್ಡು ಬಂತು. ಅದೇ ಮಧ್ಯಾಹ್ನ ಥರ್ಮಾಮೀಟರನ್ನು ಮೆರವಣಿಗೆಯಲ್ಲಿ ತಂದು ಅವಳ ಬಸಳೆಯ ಕೆಳಗೆ ತೂಗುಹಾಕಿದರು. ನಲವತ್ತನಾಲ್ಕು ಡಿಗ್ರಿಯಿಂದ ವಾರ್ಡು ಅರ್ಧ ಗಂಟೆಯಲ್ಲಿ ಮೂವತ್ತೇಳಕ್ಕೆ ಇಳಿಯಿತು. ಎರಡು ಡಿಗ್ರಿಯ ಗುರಿಯಿದ್ದಲ್ಲಿ ಏಳು ಡಿಗ್ರಿ ಸಾಧಿಸಿದ ನಿರ್ದೇಶಕರಿಗೆ ಮಾಲೆ ಹಾಕಲಾಯಿತು. ಲೋಲಾಕ್ಷಿ ಎಲ್ಲರಿಗೂ ಕಾಫಿ ಕೊಟ್ಟಳು. ಮಾಲೆ ಬಿಸಿಲಿಗೆ ಬಾಡುವ ಮುಂಚೆ ಫೋಟೋ ತೆಗೆಯಬೇಕೆಂದು ಎಲ್ಲರೂ ನೆರಳಿಗೆ ಓಡಿದರು.

ಸೆಖೆ ಇಲ್ಲವಾದ್ದರಿಂದ ವಾರ್ಡಿನ ಆಡಳಿತದಲ್ಲಿ ಕೆಲವು ಸಣ್ಣ ಬದಲಾವಣೆಗಳಾದವು. ಶಾಲೆಗಳ ಬೇಸಿಗೆ ರಜೆ ರದ್ದಾಯಿತು. ನಿಂಬೂಪಾನಿ ಗಾಡಿಯವನಿಗೆ, ಇಲ್ಲದ ಬಾಯಾರಿಕೆಯನ್ನು ಪ್ರಚಾರ ಮಾಡುತ್ತಿದ್ದಾನೆಂದು ಎಚ್ಚರಿಕೆ ಕೊಡಲಾಯಿತು. ಲೂ ಎಂಬ ಬಿಸಿಗಾಳಿ ಬಡಿದು ಬಿದ್ದವರನ್ನು ಆಸ್ಪತ್ರೆಯಲ್ಲಿ ಪಕ್ಕದ ವಾರ್ಡಿನಲ್ಲಿ ಬಡಿದದ್ದೆಂದು ಬರೆದುಕೊಂಡರು. ಹಲವರು ತೊಂದರೆ ಬೇಡವೆಂದು ಪಕ್ಕದ ವಾರ್ಡಿಗೇ ನಡೆದುಹೋಗಿ ಬೀಳತೊಡಗಿದರು. ಅನಂತರಾಮ ಮಾತ್ರ ಒಪ್ಪಲಿಲ್ಲ.

"ಸರ್, ನೀವು ಅಳೆದದ್ದು ವಾರ್ಡನ್ನಲ್ಲ, ಲೋಲಾಕ್ಷಕ್ಕನ ಅಂಗಳವನ್ನು," ಎಂದು ನಿರ್ದೇಶಕರಿಗೆ ಹೇಳಿದ.

"ಅಂಗಳ ವಾರ್ಡಿನಲ್ಲೇ ಇದೆಯಲ್ಲ?" ಎಂದರು ನಿರ್ದೇಶಕರು.

ಅನಂತರಾಮ ಇದನ್ನೂ ಅಡಿಟಿಪ್ಪಣಿಗೆಂದು ಬರೆದುಕೊಂಡ.

ಎಲ್ಲವೂ ಸುಗಮವಾಗಿರುವಾಗ, ಒಂದು ಭಾನುವಾರ ತಿಪ್ಪೇಸ್ವಾಮಿ ಹೊತ್ತಲ್ಲದ ಹೊತ್ತಿಗೆ ಬಾಗಿಲು ತಟ್ಟಿದರು. ಥರ್ಮಾಮೀಟರು ನೋಡುವುದು ನೆಪ. ಮೂಗಿಗೆ ಗಸಿಯ ಘಮ ಬಿದ್ದಿತ್ತು. ಅಧಿಕಾರಿಗೆ ಬಾಗಿಲು ತೆರೆಯದಿರುವಂತಿಲ್ಲ, ತೆರೆದ ಮೇಲೆ ಬಡಿಸದಿರುವಂತಿಲ್ಲ. ಪಾತ್ರೆ ಬರಿದಾಯಿತು. ಲೋಲಾಕ್ಷಿ ಇನ್ನೊಂದು ಬುಟ್ಟಿ ಕೊಯ್ದು ಮತ್ತೆ ಒಲೆ ಹಚ್ಚಿದಳು. ಸೋಮವಾರ ಮಧ್ಯಾಹ್ನ ಬಸಳೆಯಲ್ಲಿ ಬಿದ್ದ ಕಿಂಡಿಯಿಂದ ಬಿಸಿಲು ಥರ್ಮಾಮೀಟರಿನ ಮೇಲೆ ನೇರವಾಗಿ ಇಳಿದು, ವಾರ್ಡಿನ ತಾಪಮಾನ ಒಂದೂವರೆ ಡಿಗ್ರಿ ಏರಿತು.

ಮಂಡಳಿ ತುರ್ತು ಸಭೆ ಸೇರಿತು. ಒಂದೂವರೆ ಡಿಗ್ರಿಯನ್ನು ತಿಂದವರು ಯಾರು ಎಂದು ತನಿಖೆ ಮಾಡಲು ಇನ್ಸ್‌ಪೆಕ್ಟರ್ ತಿಪ್ಪೇಸ್ವಾಮಿಯವರನ್ನೇ ನೇಮಿಸಲಾಯಿತು. ಅವರು ಪ್ರಾಮಾಣಿಕರು. ಎರಡೇ ದಿನದಲ್ಲಿ ವರದಿ ಕೊಟ್ಟರು: "ಸದರಿ ತಂಪಿನ ಪೈಕಿ ಮುಕ್ಕಾಲು ಭಾಗವನ್ನು ತನಿಖಾಧಿಕಾರಿಯು ಸೇವಿಸಿರುವುದು ದೃಢಪಟ್ಟಿದೆ. ತನಿಖಾಧಿಕಾರಿಯು ಮೂರು ಬಾರಿ ಹಾಕಿಸಿಕೊಂಡಿದ್ದಾರೆ. ರುಚಿಯ ಬಗ್ಗೆ ಆಕ್ಷೇಪಣೆ ಇಲ್ಲ." ಇಂಥ ಪ್ರಾಮಾಣಿಕತೆಗಾಗಿ ಅವರಿಗೆ ಬಡ್ತಿ ಸಿಕ್ಕಿತು. ಲೋಲಾಕ್ಷಿಗೆ ಒಂದು ಮುಚ್ಚಳಿಕೆ ಬಂತು. ಇನ್ನು ಮುಂದೆ ಅಧಿಕೃತ ನೆರಳಿನ ಎಲೆ, ದಂಟು, ಕುಡಿ ಯಾವುದನ್ನೂ ಕೊಯ್ಯುವುದಿಲ್ಲ ಎಂದು ಅವಳು ಸಹಿ ಹಾಕಬೇಕಿತ್ತು.

"ನನ್ನ ಬಸಳೆ ನಾನು ತಿನ್ನಬಾರದಾ?" ಎಂದು ಕೇಳಿದಳು.

"ಅದು ಈಗ ಬಸಳೆ ಅಲ್ಲ, ಅಮ್ಮ," ಎಂದರು ತಿಪ್ಪೇಸ್ವಾಮಿ, ತಲೆ ತಗ್ಗಿಸಿ. "ಉಪಕರಣ."

ಅವಳು ಸಹಿ ಹಾಕಲಿಲ್ಲ. ಒಂಬತ್ತು ವರ್ಷ ಬೇರೆಯವರ ಅಕ್ಕಿ ರುಬ್ಬಿದವಳು, ತನ್ನ ಮಾಡಿನ ಮೇಲಿನದನ್ನು ತನ್ನ ಬಟ್ಟಲಿಗೆ ಹಾಕಿಕೊಳ್ಳಲು ಯಾರ ಅಪ್ಪಣೆಯೂ ಬೇಡವೆಂದು ಕಾಗದವನ್ನು ಮಡಚಿ ಮೆಣಸಿನ ಪೊಟ್ಟಣ ಕಟ್ಟಿದಳು. ಮಂಡಳಿ ಬಲವಂತ ಮಾಡಲಿಲ್ಲ. ನೆರಳು ಒಂದೇ ಇತ್ತು, ಅದರ ಒಡತಿ ಕಿತ್ತುಹಾಕಿದರೆ ವಾರ್ಡು ಪುನಃ ಕುದಿಯುತ್ತಿತ್ತು.

ಆದರೆ ಮಂಡಳಿಗೆ ಬೇರೆ ಕೆಲಸಗಳೂ ಇದ್ದವು. ಜೂನ್ ಎರಡನೆಯ ವಾರ ಗಲ್ಲಿಯ ಹನ್ನೊಂದು ಮನೆಗಳಿಗೆ ನೋಟೀಸು ಬಂತು. ಒಂದು ವಾರ್ಡಿಗೆ ಒಂದೇ ಅಧಿಕೃತ ನೆರಳು ಮಂಜೂರಾಗಿದೆ. ಗುರಿ ಈಗಾಗಲೇ ಮೀರಿರುವುದರಿಂದ ಹೆಚ್ಚುವರಿ ತಂಪು ದುಂದುವೆಚ್ಚ. ಎಲ್ಲ ಚಪ್ಪರಗಳನ್ನು ನಾಳೆ ಮಧ್ಯಾಹ್ನ ಕೀಳಲಾಗುವುದು.

ಸುಮಿತ್ರಾ ಬಂದು ಅಂಗಳದಲ್ಲಿ ನಿಂತಳು. ಅವಳು ಅಳಲಿಲ್ಲ. ಕೈಯಲ್ಲಿದ್ದ ನೋಟೀಸಿಗೆ ಅಭ್ಯಾಸಬಲದಿಂದ ಇಸ್ತ್ರಿ ಹಾಕಿ ತಂದಿದ್ದಳು.

"ದೀದಿ, ಈ ಸಲ ಮೊದಲ ಬಾರಿ ನನ್ನ ಅತ್ತೆ ಮಧ್ಯಾಹ್ನ ಮಲಗಿದ್ದಾಳೆ. ಹದಿನೈದು ವರ್ಷದಲ್ಲಿ ಮೊದಲ ಬಾರಿ ಮಧ್ಯಾಹ್ನ ನನ್ನನ್ನು ಬೈದಿಲ್ಲ. ನೀವು ಪುಸ್ತಕ ಓದಿದವರು. ಏನಾದರೂ ಹೇಳಿ."

ಲೋಲಾಕ್ಷಿಗೆ ಇನ್ನೂರೆಂಟನೆಯ ಪುಟ ನೆನಪಿತ್ತು. ಮರುದಿನ ಕಚೇರಿ ತೆರೆಯುವ ಮೊದಲೇ ಹೋಗಿ ಮೆಟ್ಟಿಲ ಮೇಲೆ ಕೂತಳು. ಒಂದೇ ಮೂಲದಿಂದ ಹಬ್ಬಿದ ಹಸಿರನ್ನು, ಅದು ಎಷ್ಟು ಕಡೆ ಇದ್ದರೂ, ಒಂದೇ ಉಪಕರಣವೆಂದು ಪರಿಗಣಿಸತಕ್ಕದ್ದು ಎಂದು ಆ ಪುಟದಲ್ಲಿದೆ. ಹನ್ನೊಂದು ಮನೆಯ ಬಸಳೆಯೂ ಅವಳೇ ಮುರಿದು ಕೊಟ್ಟದ್ದು. ಹಾಗಾಗಿ ಗಲ್ಲಿಯಲ್ಲಿರುವುದು ಹನ್ನೆರಡು ಚಪ್ಪರವಲ್ಲ. ಒಂದು ಬಳ್ಳಿ, ಅಷ್ಟೆ. ನಿರ್ದೇಶಕರು ಪುಟವನ್ನು ಎರಡು ಬಾರಿ ಓದಿದರು. ಬಳ್ಳಿಯ ವಂಶವೃಕ್ಷ ಬರೆಸಿದರು. ಸುಮಿತ್ರಾಳ ಬಸಳೆಯನ್ನು ಹಿರಿಯ ಮಗಳೆಂದೂ ಉಳಿದವನ್ನು ಹುಟ್ಟಿದ ಕ್ರಮದಲ್ಲೂ ನಮೂದಿಸಲಾಯಿತು.

"ಆಗಬಹುದು," ಎಂದರು ಕೊನೆಗೆ. "ಎಲ್ಲವೂ ನಿಮ್ಮ ಹೆಸರಿನಲ್ಲಿ ದಾಖಲಾಗುತ್ತದೆ. ಒಂದೇ ಒಂದು ಕಾಗದ ಬಾಕಿ ಇದೆ."

ಮುಚ್ಚಳಿಕೆಯ ಇನ್ನೊಂದು ಪ್ರತಿ ಮೇಜಿನ ಮೇಲೆ ಬಂತು. ಎಲೆ, ದಂಟು, ಕುಡಿ. ಹೊರಗೆ ಚಪ್ಪರ ಕೀಳುವವರು ಕತ್ತಿ ಮಸೆಯುವ ಸದ್ದು ಕೇಳುತ್ತಿತ್ತು. ಲೋಲಾಕ್ಷಿ ಕಾಗದವನ್ನು ತಿರುಗಿಸಿ ಹಿಂಬದಿಯಲ್ಲಿ ಏನಾದರೂ ಬರೆದಿದೆಯೇ ನೋಡಿದಳು. ಏನೂ ಇರಲಿಲ್ಲ. ಸಹಿ ಹಾಕಿದಳು.

ಆ ಮೇಲೆ ಎಲ್ಲವೂ ಕಾನೂನಿನಂತೆ ನಡೆಯಿತು. ನೀರು ವಿಭಾಗದ ಟ್ಯಾಂಕರು ಎಮ್ಮೆಗಳನ್ನು ಬಿಟ್ಟು ಬಸಳೆಗೆ ನೀರು ಹಾಕತೊಡಗಿತು. ಯಾರೂ ಕೊಯ್ಯದ ಬಳ್ಳಿ ಮಾಡಿನಿಂದ ಮಾಡಿಗೆ ದಾಟಿ, ಗಲ್ಲಿಯ ನೆತ್ತಿಯ ಮೇಲೆ ಕೈ ಕೈ ಹಿಡಿದುಕೊಂಡಿತು. ಗಲ್ಲಿಯಲ್ಲಿ ನಡೆಯುವವರಿಗೆ ಮಧ್ಯಾಹ್ನ ನಿಜವಾಗಿಯೂ ಹಿತವೆನಿಸತೊಡಗಿತು. ಗಲ್ಲಿ ಎರಡು ಡಿಗ್ರಿ ತಣ್ಣಗಾಗಿದೆ ಎಂದು ಅನಂತರಾಮ ತನ್ನ ಥರ್ಮಾಮೀಟರಿನಲ್ಲಿ ಅಳೆದು ಓಡಿ ಬಂದ. ಮಂಡಳಿ ಇದನ್ನು ದಾಖಲಿಸಲು ನಿರಾಕರಿಸಿತು. ಅವನ ಥರ್ಮಾಮೀಟರು ಖಾಸಗಿಯದ್ದು. ಅದಲ್ಲದೆ ಆ ಎರಡು ಡಿಗ್ರಿ ಹೋದ ತಿಂಗಳೇ ಇಳಿದಾಗಿತ್ತು.

ಜೂನ್ ಇಪ್ಪತ್ತೆಂಟರಂದು ನೀರು ವಿಭಾಗದವರು ಶ್ರದ್ಧೆ ಹೆಚ್ಚಾಗಿ ಥರ್ಮಾಮೀಟರಿನ ಮೇಲೂ ಐಸ್ ಫ್ಯಾಕ್ಟರಿಯಿಂದ ತಂದ ನೀರು ಸುರಿದ ಕಾರಣ ವಾರ್ಡಿನಲ್ಲಿ ಎಂಟು ಡಿಗ್ರಿ ದಾಖಲಾಯಿತು. ಶೀತಗಾಳಿಯ ನಿಯಮದಂತೆ ಅದೇ ಸಂಜೆ ಮನೆಗೆ ಎರಡರಂತೆ ಕಂಬಳಿ ಹಂಚಲಾಯಿತು. ಜನ ಬೆವರು ಒರೆಸಿಕೊಳ್ಳುತ್ತ ಸಾಲಿನಲ್ಲಿ ನಿಂತು ಪಡೆದುಕೊಂಡರು. ಯಾರೂ ದೂರು ಹೇಳಲಿಲ್ಲ. ಕಂಬಳಿ ದಪ್ಪಗಿದೆ, ನೆನೆಸಿ ಕಿಟಕಿಗೆ ಕಟ್ಟಿದರೆ ತಂಪು ಎಂದು ಸುಮಿತ್ರಾಳ ಅತ್ತೆ ಎಲ್ಲರಿಗೂ ತೋರಿಸಿಕೊಟ್ಟಳು.

ಕರೋಲ್ ಬಾಗು ಬೇರೆ ವಾರ್ಡು. ಅಲ್ಲಿ ಮಂಡಳಿ ಇಲ್ಲ, ಮುಚ್ಚಳಿಕೆ ಇಲ್ಲ. ಕಿರುಬೆರಳಿಗಿಂತ ತೆಳ್ಳಗಿನ ಆ ದಂಟು ಕರುಣಾಕರರ ಹೋಟೆಲಿನ ಹಿಂದೆ, ಪಾತ್ರೆ ತೊಳೆಯುವ ಮೋರಿಯ ಪಕ್ಕದಲ್ಲಿ ಚಿಗುರಿ ಗೋಡೆ ಹತ್ತಿತ್ತು. ಅವರು ಅದನ್ನು ಮಾಡಿಗೆ ಏರಲು ಬಿಟ್ಟಿರಲಿಲ್ಲ. ಎಲೆ ಬಂದ ಹಾಗೆ ಕೊಯ್ದು ಪಾತ್ರೆಗೆ ಹಾಕುತ್ತಿದ್ದರು. ಭಾನುವಾರದ ಬೋರ್ಡಿನಲ್ಲಿ ಸೀಮೆಸುಣ್ಣದಲ್ಲಿ ಬರೆದಿತ್ತು: ಇಂದು ವಿಶೇಷ, ಬಸಳೆ ಗಸಿ.

ಜುಲೈಯ ಮೊದಲ ಭಾನುವಾರ ಲೋಲಾಕ್ಷಿ ಹೋಟೆಲಿಗೆ ಬೀಗ ಹಾಕಿ, ಒಳ್ಳೆಯ ಸೀರೆ ಉಟ್ಟು, ಬಸ್ಸು ಹಿಡಿದು ನದಿ ದಾಟಿದಳು. ಕರುಣಾಕರರ ಹೋಟೆಲು ಕಾವಲಿಯಂತೆ ಕಾದಿತ್ತು. ಅವಳು ಅಡುಗೆಮನೆಯ ಕಡೆ ನೋಡದೆ, ಗಿರಾಕಿಗಳ ಮೇಜಿನಲ್ಲಿ, ಫ್ಯಾನಿನ ಕೆಳಗೆ ಕೂತು ಒಂದು ಪ್ಲೇಟು ಹೇಳಿದಳು. ಕರುಣಾಕರ ತಾವೇ ತಂದಿಟ್ಟರು.

"ವಾಪಸ್ ಬರುತ್ತೀ ಅಂತ ನಾನು ಹೇಳಿದ್ದೆ, ಲೋಲಾಕ್ಷಿ."

ಅವಳು ಒಂದು ತುತ್ತು ಉಂಡಳು.

"ಉಪ್ಪು ಕಮ್ಮಿ, ಕರುಣಾಕರಣ್ಣ," ಎಂದಳು.

ಮಂಡಳಿಯ ದಾಖಲೆಗಳ ಪ್ರಕಾರ ಲಕ್ಷ್ಮೀ ನಗರದ ಲೋಲಾಕ್ಷಿಯ ಹೆಸರಿನಲ್ಲಿ ಇವತ್ತು ಇರುವುದು ಒಂದು ಹೋಟೆಲು, ಹನ್ನೆರಡು ಮಾಡುಗಳ ಮೇಲೆ ಹಬ್ಬಿದ ಒಂದು ಬಸಳೆ ಬಳ್ಳಿ, ಅದರ ಕೆಳಗೆ ಬೀಳುವ ಸಮಸ್ತ ನೆರಳು, ಒಂದು ಬೋರ್ಡು, ಎರಡು ಕಂಬಳಿ ಮತ್ತು ಕೂಲರಿನ ಕೆಳಗಿನ ಒಂದು ಇಟ್ಟಿಗೆ. ಅವಳಿಗೆ ಅದರ ಖರ್ಚು ಭಾನುವಾರಕ್ಕೊಂದು ಪ್ಲೇಟು ಕರೋಲ್ ಬಾಗಿನ ಗಸಿ, ಪೂರ್ತಿ ದರ ಕೊಟ್ಟು, ಹಲಸಿನ ಬೀಜ ಇಲ್ಲದೆ.